ಬರ್ಕ್ಲಿ ಐಸ್‌ಲ್ಯಾಂಡ್ ಹೋಯ್ತು, ಪಾಲೋ ಆಲ್ಟೋದು ಉಳೀತು, ಯಾಕೆ?

ಈಸ್ಟ್‌ಬೇ ಕನ್ನಡಿಗ

ಮೊನ್ನೆ ಗ್ರೂಪಲ್ಲಿ ಯಾರೋ ಕ್ಯಾಂಪಿಂಗ್ ಸಾಮಾನು ಬಾಡಿಗೆಗೆ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು, ನಾಲ್ಕೈದು ಜನ ಒಟ್ಟಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಸ್ಪೋರ್ಟ್ಸ್ ಬೇಸ್‌ಮೆಂಟ್‌ಗೆ ಹೋಗಿ ಅಂದ್ರು. ಸರಿ, ಒಳ್ಳೇ ಅಂಗಡಿನೇ. ಆದ್ರೆ ಈಚೆಗೆ ಬಂದವ್ರಿಗೆ ಆ ಕಟ್ಟಡ ಏನಾಗಿತ್ತು ಅಂತ ಗೊತ್ತೇ ಇಲ್ಲ ಅನ್ನೋದು ನೋಡಿ ಮನಸ್ಸಿಗೆ ಕಷ್ಟ ಆಯ್ತು, ಅದಕ್ಕೇ ಬರೀತಿದೀನಿ, ಉದ್ದ ಆಗುತ್ತೆ.

ಮಿಲ್ವಿಯಾ ಸ್ಟ್ರೀಟಲ್ಲಿರೋ ಆ ಕಟ್ಟಡ ಬರ್ಕ್ಲಿ ಐಸ್‌ಲ್ಯಾಂಡ್. 1940ರಲ್ಲಿ ಶುರುವಾದ ಐಸ್ ರಿಂಕ್, ಅಂದ್ರೆ ಐಸ್ ಮೇಲೆ ಸ್ಕೇಟಿಂಗ್ ಮಾಡೋ ಜಾಗ. ವಿಲಿಯಂ ಕ್ಲೆಮೆಂಟ್ ಆ್ಯಂಬ್ರೋಸ್ ಅನ್ನೋ ಆರ್ಕಿಟೆಕ್ಟ್ ಮಾಡಿದ ಡಿಸೈನು. ಹೊರಗಡೆಯಿಂದ ನೋಡಿದ್ರೆ ಗೋಡೆಗೆ ಒತ್ತಿ ಮಣ್ಣಿನ ದಿಬ್ಬ ಹಾಕಿರೋದು ಕಾಣುತ್ತೆ, ಅದು ಅಂದಕ್ಕೆ ಹಾಕಿದ್ದಲ್ಲ, ಒಳಗಿನ ತಂಪು ಹೊರಗೆ ಹೋಗ್ದೇ ಇರ್ಲಿ ಅಂತ. ಅಮೆರಿಕದ ನ್ಯಾಷನಲ್ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಶಿಪ್ ಇಲ್ಲಿ ಮೂರು ಸಲ ನಡ್ದಿದೆ, 1947, 1957, 1966. ಡಿಕ್ ಬಟನ್ ಗೆದ್ದಿದ್ದು ಇಲ್ಲಿ, ಕ್ಯಾರೊಲ್ ಹೈಸ್ ಗೆದ್ದಿದ್ದು ಇಲ್ಲಿ, ಪೆಗ್ಗಿ ಫ್ಲೆಮಿಂಗ್ 1966ರಲ್ಲಿ ಗೆದ್ದಿದ್ದೂ ಇಲ್ಲೇ, ಎರಡು ವರ್ಷ ಆದ್ಮೇಲೆ ಆಕೆ ಒಲಿಂಪಿಕ್ ಚಿನ್ನ ತಗೊಂಡ್ರು. ಇಂಥ ಜಾಗದಲ್ಲಿ ಅಕ್ಕಪಕ್ಕದ ಬೀದಿ ಮಕ್ಕಳು ಶನಿವಾರ ಬಂದು ಬಾಡಿಗೆ ಶೂ ಹಾಕ್ಕೊಂಡು ಬಿದ್ದು ಎದ್ದು ಕಲೀತಿದ್ರು, ಚಾಂಪಿಯನ್ ಆಡಿದ ಐಸೂ ಅದೇ, ಇವ್ರು ಬೀಳೋ ಐಸೂ ಅದೇ.

2007ರ ಮಾರ್ಚ್ 31ಕ್ಕೆ ಮುಚ್ಚಿಬಿಟ್ರು. ಖರ್ಚು ಜಾಸ್ತಿ, ಐಸ್ ತಂಪಾಗಿಡೋ ಪ್ಲಾಂಟ್ ಹಳೇದು, ಅದರಲ್ಲಿರೋ ಅಮೋನಿಯಾ ಗ್ಯಾಸ್ ಬಗ್ಗೆ ಭಯ. ಊರಿನವ್ರು ಸೇವ್ ಬರ್ಕ್ಲಿ ಐಸ್‌ಲ್ಯಾಂಡ್ ಅಂತ ಸಂಸ್ಥೆ ಕಟ್ಟಿ ವರ್ಷಗಟ್ಟಲೆ ಓಡಾಡಿದ್ರು, ಸಹಿ, ಸಭೆ, ಚಂದಾ ಎಲ್ಲಾ. ಸಿಟಿ ಲ್ಯಾಂಡ್‌ಮಾರ್ಕ್ ಅಂತಾನೂ, ಅಂದ್ರೆ ಕಾಪಾಡಬೇಕಾದ ಹಳೇ ಕಟ್ಟಡ ಅಂತ, ಘೋಷಣೆ ಮಾಡ್ತು. ಆದ್ರೂ ಕೊಂಡುಕೊಳ್ಳೋಷ್ಟು ದುಡ್ಡು ಕೂಡ್ಲಿಲ್ಲ, 2014ರಲ್ಲಿ ಅಲ್ಲಿ ಈ ಅಂಗಡಿ ತೆರೀತು.

ನಂಗೆ ಇವತ್ತಿಗೂ ಕೊರೀತಾ ಇರೋ ಪ್ರಶ್ನೆ ಒಂದೇ. ಇಷ್ಟು ಇತಿಹಾಸ, ಇಷ್ಟು ಜನ, ಲ್ಯಾಂಡ್‌ಮಾರ್ಕ್ ಬೇರೆ, ಆದ್ರೂ ಯಾಕೆ ಉಳೀಲಿಲ್ಲ? ಬೇರೆ ಕಡೆ ಉಳಿದಿರೋದು ಹೇಗೆ? ಗೊತ್ತಿರೋವ್ರು ಬರೀರಿ.

ಸ್ಕೇಟಿಂಗ್ ಅಮ್ಮ

ಬರ್ದಿದ್ದು ತುಂಬಾ ಒಳ್ಳೇದಾಯ್ತು. ನನ್ನ ಮಗಳು ಓಕ್ಲೆಂಡ್ ಐಸ್ ಸೆಂಟರ್‌ನಲ್ಲಿ ಕಲೀತಿದಾಳೆ. ಒಂದು ರಿಂಕ್ ಮುಚ್ಚಿದ್ರೆ ಆ ಊರಿಗೆ ಮಾತ್ರ ನಷ್ಟ ಅಂತ ಜನ ಅಂದ್ಕೋತಾರೆ, ಹಾಗಲ್ಲ. ಉಳಿದ ರಿಂಕ್‌ಗಳ ಮೇಲೆ ಎಲ್ಲಾ ಬಂದು ಬೀಳುತ್ತೆ. ಹಾಕಿ ಟೀಮ್‌ಗೂ ಐಸ್ ಬೇಕು, ಫಿಗರ್ ಸ್ಕೇಟಿಂಗ್‌ನವ್ರಿಗೂ ಬೇಕು, ಹೊಸದಾಗಿ ಕಲಿಯೋ ಮಕ್ಕಳ ಕ್ಲಾಸ್, ದೊಡ್ಡವ್ರ ಲೀಗ್, ಪಬ್ಲಿಕ್ ಸೆಷನ್, ಎಲ್ಲರಿಗೂ ಇರೋದು ಅದೇ ಇಪ್ಪತ್ನಾಲ್ಕು ಗಂಟೆ, ಅದಕ್ಕೇ ಮಕ್ಕಳು ಸ್ಕೂಲಿಗೆ ಮುಂಚೆ ಬೆಳಕು ಹರಿಯೋ ಹೊತ್ತಿಗೆ ಐಸ್ ಮೇಲೆ ಇರ್ಬೇಕಾಗುತ್ತೆ, ದೊಡ್ಡವ್ರ ಹಾಕಿ ರಾತ್ರಿ ಮಲಗೋ ಹೊತ್ತಿಗೆ ಶುರು.

ಬರ್ಕ್ಲಿ ರಿಂಕ್ ಆ್ಯಶ್‌ಬಿ ಬಾರ್ಟ್ ರೈಲು ಸ್ಟೇಷನ್‌ನಿಂದ ನಡ್ಕೊಂಡು ಹೋಗೋಷ್ಟು ಹತ್ರ. ಕಾರಿಲ್ಲದ ಮನೆ ಮಕ್ಕಳೂ ತಾವೇ ಹೋಗಬಹುದಿತ್ತು. ನಂಗೆ ಜಾಸ್ತಿ ಸಂಕಟ ಆಗೋದು ಅದಕ್ಕೇ. ನಾವೇನೋ ಕಾರಲ್ಲಿ ಇನ್ನರ್ಧ ಗಂಟೆ ಓಡಿಸ್ತೀವಿ, ಮನೇಲಿ ಗೊಣಗಿಕೊಂಡಾದ್ರೂ ಹೋಗಿ ಬರ್ತೀವಿ. ಬಸ್ಸಲ್ಲಿ ಬರೋ ಮಗು ಬರೋದೇ ನಿಲ್ಲಿಸಿಬಿಡುತ್ತೆ, ಅದು ಯಾವ ಲೆಕ್ಕದಲ್ಲೂ ಕಾಣಲ್ಲ.

ಇನ್ನೊಂದ್ ಮಾತು, 2025ರ ವಿಶ್ವ ಚಾಂಪಿಯನ್ ಅಲಿಸಾ ಲಿಯು ಓಕ್ಲೆಂಡ್ ರಿಂಕಲ್ಲಿ ಬೆಳೆದ ಹುಡುಗಿ. ಹತ್ರದಲ್ಲಿ ಒಂದು ರಿಂಕ್ ಉಳಿದಿದ್ದಕ್ಕೆ ತಾನೇ ಇದೆಲ್ಲಾ.

ಹಳೇ ಬಸವನಗುಡಿ

ಎಲ್ಲರ ಭಾವನೆ ಅರ್ಥ ಆಗುತ್ತೆ, ಆದ್ರೆ ಇನ್ನೊಂದು ಕಡೆಯಿಂದಾನೂ ನೋಡಿ ಪ್ಲೀಸ್. ಏಳು ವರ್ಷ ಆ ಕಟ್ಟಡ ಬೀಗ ಹಾಕ್ಕೊಂಡು ನಿಂತಿತ್ತು. ಖಾಲಿ ಕಟ್ಟಡ ಅಂದ್ರೆ ಗೊತ್ತಲ್ಲ, ಸೂರು ಸೋರುತ್ತೆ, ಗಾಜು ಒಡೆಯುತ್ತೆ, ಅಕ್ಕಪಕ್ಕದವ್ರಿಗೆ ತಲೆನೋವು. ಅಂಗಡಿಯವ್ರು ಬಂದು ಕಟ್ಟಡ ಕೆಡವದೇ ಇಟ್ಕೊಂಡ್ರು, ಅದೂ ಆಟದ ಸಾಮಾನಿನ ಅಂಗಡಿ. ಅಪಾರ್ಟ್‌ಮೆಂಟ್ ಕಟ್ಟಿದ್ದಿದ್ರೆ ಈಗ ನಾವು ಮಾತಾಡೋಕೆ ಆ ಗೋಡೆಯೂ ಇರ್ತಿರ್ಲಿಲ್ಲ.

ನಮ್ಮ ಬ್ರಿಗೇಡ್ ರೋಡ್ ಮೂಲೇಲಿರೋ ಆಪೆರಾ ಹೌಸ್ ನೆನೆಸ್ಕೊಳ್ಳಿ. ಎಷ್ಟು ವರ್ಷ ಪಾಳು ಬಿದ್ದಿತ್ತು, 2018ರಲ್ಲಿ ಸ್ಯಾಮ್‌ಸಂಗ್‌ನವ್ರು ಬಂದು ರಿಪೇರಿ ಮಾಡಿ ಶೋರೂಮ್ ಮಾಡಿದ್ರು. ಗಾಂಧಿನಗರದ ಕಪಾಲಿ ಥಿಯೇಟರ್ ಥರ ನೆಲಸಮ ಆಗ್ಲಿಲ್ಲವಲ್ಲ. ನಷ್ಟದಲ್ಲಿರೋ ಜಾಗಾನ ನಡೆಸಿ ಅಂತ ಮಾಲೀಕರಿಗೆ ಯಾರು ಹೇಳೋಕಾಗುತ್ತೆ?

ಈಸ್ಟ್‌ಬೇ ಕನ್ನಡಿಗ

ಸರ್, ನೀವು ಕೊಟ್ಟ ಉದಾಹರಣೆನೇ ನನ್ನ ಮಾತಿಗೆ ಬೇಕಾಗಿರೋದು. ಆಪೆರಾ ಹೌಸ್ ಗೋಡೆ ಉಳೀತು, ಒಳಗೆ ನಾಟಕ ಉಳೀತಾ? ಬರ್ಕ್ಲಿಯಲ್ಲೂ ಅದೇ. ಲ್ಯಾಂಡ್‌ಮಾರ್ಕ್ ಅಂದ್ರೆ ಕಟ್ಟಡದ ಮೇಲೆ ಕೈ ಹಾಕೋಕೆ ಮುಂಚೆ ಕೇಳ್ಬೇಕು, ಹೊರಗಿನ ರೂಪ ಕೆಡಿಸಬಾರದು, ಅಷ್ಟೇ. ಒಳಗೆ ಐಸ್ ಇರ್ಲೇಬೇಕು ಅಂತ ಯಾವ ಲ್ಯಾಂಡ್‌ಮಾರ್ಕ್ ಕಾನೂನೂ ಹೇಳಲ್ಲ. ಆ ಘೋಷಣೆ ಬಂದ ದಿನ ಎಷ್ಟೋ ಜನ ಗೆದ್ವಿ ಅಂದ್ಕೊಂಡಿರ್ತಾರೆ.

ಚಿಲ್ಲರ್ ಪ್ಲಾಂಟ್

ನಾನು ಕೋಲ್ಡ್ ಸ್ಟೋರೇಜ್ ಲೈನಲ್ಲಿ ಕೆಲಸ ಮಾಡೋನು, ಅಮೋನಿಯಾ ವಿಷಯ ಬಂತಲ್ಲ ಅದಕ್ಕೆ ಸ್ವಲ್ಪ ಬರೀತೀನಿ, ಯಾಕಂದ್ರೆ ಇಂಥ ಹೋರಾಟದಲ್ಲಿ ಎಲ್ಲರೂ ಕಟ್ಟಡದ ಬಗ್ಗೆ ಮಾತಾಡ್ತಾರೆ, ಪ್ಲಾಂಟ್ ರೂಮ್ ಬಗ್ಗೆ ಯಾರೂ ಮಾತಾಡಲ್ಲ, ರಿಂಕ್ ಸಾಯೋದು ಅಲ್ಲೇ.

ಐಸ್ ರಿಂಕ್ ಅಂದ್ರೆ ಕೆಳಗೆ ಕಾಂಕ್ರೀಟ್, ಅದರೊಳಗೆ ಮೈಲಿಗಟ್ಟಲೆ ಪೈಪು. ಪೈಪಲ್ಲಿ ಓಡೋದು ಸಾಮಾನ್ಯವಾಗಿ ಉಪ್ಪುನೀರು, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ದು, ಸೊನ್ನೆಗಿಂತ ಕೆಳಗೆ ಹೋದ್ರೂ ಹೆಪ್ಪುಗಟ್ಟಲ್ಲ. ಆ ನೀರನ್ನ ತಂಪು ಮಾಡೋಕೆ ಅಮೋನಿಯಾ ಕಂಪ್ರೆಸರ್. ಮೇಲೆ ಇರೋ ಐಸ್ ಪದರ ಒಂದೋ ಒಂದೂವರೆ ಇಂಚೋ, ಅಷ್ಟೇ! ಅದನ್ನ ಹಾಗೇ ಇಡೋಕೆ ಪ್ಲಾಂಟ್ ಹಗಲೂ ರಾತ್ರಿ ಓಡ್ಬೇಕು. ಸ್ಕೇಟ್ ಮಾಡೋಕೆ ಯಾರೂ ಬರ್ಲಿಲ್ಲ ಅಂದ್ರೂ ಕರೆಂಟ್ ಬಿಲ್ ಬರುತ್ತೆ.

ಅಮೋನಿಯಾ ಕೆಟ್ಟ ಗ್ಯಾಸ್ ಅಂತ ಅಲ್ಲ, ರೆಫ್ರಿಜರೆಂಟ್ ಆಗಿ, ಅಂದ್ರೆ ತಂಪು ಮಾಡೋಕೆ, ಬಹಳ ಒಳ್ಳೇದು, ಓಝೋನ್‌ಗೆ ತೊಂದ್ರೆ ಇಲ್ಲ, ವಾತಾವರಣ ಬಿಸಿ ಮಾಡಲ್ಲ. ಆದ್ರೆ ಸೋರಿದ್ರೆ ಪ್ರಾಣಕ್ಕೆ ಅಪಾಯ. 2017ರಲ್ಲಿ ಕೆನಡಾದ ಫರ್ನಿ ಅನ್ನೋ ಊರಿನ ರಿಂಕಲ್ಲಿ ಅಮೋನಿಯಾ ಸೋರಿ ಮೂರು ಜನ ಸತ್ತರು. ಸುತ್ತ ಮನೆಗಳಿರೋ ಬರ್ಕ್ಲಿಯಂಥ ಜಾಗದಲ್ಲಿ ಫೈರ್ ಡಿಪಾರ್ಟ್‌ಮೆಂಟ್‌ನವ್ರು ಪಟ್ಟು ಹಿಡಿದ್ರೆ ಅದು ನ್ಯಾಯವೇ. ಬೇರೆ ದಾರಿ ಅಂತ ಎಷ್ಟೋ ರಿಂಕ್‌ನವ್ರು ಆರ್-22 ಗ್ಯಾಸ್‌ಗೆ ಹೋದ್ರು, ಅಮೆರಿಕದಲ್ಲಿ 2020ರಿಂದ ಅದರ ತಯಾರಿಕೆ, ಆಮದು ಎರಡೂ ನಿಂತಿದೆ, ಅವ್ರೂ ಈಗ ಹೊಸ ಪ್ಲಾಂಟ್‌ಗೆ ದುಡ್ಡು ಹುಡುಕ್ತಿದಾರೆ.

ಹಾಗಂತ ಹಳೇ ರಿಂಕ್ ಉಳಿಸೋಕಾಗಲ್ಲ ಅಂತ ಅಲ್ಲ. ಲಾಸ್ ಏಂಜಲಿಸ್ ಹತ್ರ ಪ್ಯಾರಾಮೌಂಟ್ ಅನ್ನೋ ಊರಲ್ಲೂ ಒಂದು ಐಸ್‌ಲ್ಯಾಂಡ್ ಇದೆ, ಅದೂ 1940ರಲ್ಲೇ ಶುರುವಾಗಿದ್ದು. ಕಟ್ಟಿದವ್ರಲ್ಲಿ ಒಬ್ಬರು ಫ್ರಾಂಕ್ ಝಾಂಬೋನಿ. ಐಸ್ ನುಣುಪು ಮಾಡೋ ಗಾಡಿ ಇದೆಯಲ್ಲ, ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾರಲ್ಲ, ಅದನ್ನ 1949ರಲ್ಲಿ ಅವ್ರು ಮಾಡಿದ್ದು ತಮ್ಮ ಇದೇ ರಿಂಕ್‌ಗೋಸ್ಕರ. ಆ ಕುಟುಂಬದವ್ರು ಅದನ್ನ ದಶಕಗಟ್ಟಲೆ ಬಿಟ್ಟುಕೊಡ್ಲಿಲ್ಲ. ವಯಸ್ಸು ಒಂದೇ, ಹಣೆಬರಹ ಬೇರೆ.

ಮಿಡ್ಲ್‌ಫೀಲ್ಡ್ ರೋಡ್

ಶೀರ್ಷಿಕೇಲಿ ಪಾಲೋ ಆಲ್ಟೋ ಹೆಸರು ಹಾಕಿ ಯಾರೂ ಅದರ ಕಥೆ ಹೇಳ್ಲಿಲ್ಲ, ನಾನು ಹೇಳ್ತೀನಿ, ನಮ್ಮ ಮನೆ ಹತ್ರಾನೇ ಇರೋದು ವಿಂಟರ್ ಲಾಡ್ಜ್. 1956ರಲ್ಲಿ ಡಂಕನ್ ವಿಲಿಯಮ್ಸ್ ಅನ್ನೋವ್ರು ವಿಂಟರ್ ಕ್ಲಬ್ ಅಂತ ಶುರು ಮಾಡಿದ್ದು. ಸೂರಿಲ್ಲ, ಬಯಲು ರಿಂಕ್, ಸುತ್ತ ಮರ. ಚಳಿಗಾಲದ ಸೀಸನ್‌ನಲ್ಲಿ ಮಾತ್ರ ತೆರೆದಿರುತ್ತೆ.

ಎಂಬತ್ತರ ದಶಕದಲ್ಲಿ ಆ ಜಾಗದಲ್ಲಿ ಕಾಂಡೋ, ಅಂದ್ರೆ ಫ್ಲ್ಯಾಟ್, ಕಟ್ಟೋ ಪ್ಲಾನ್ ಬಂತು. ಜಾಗದ ಬೆಲೆ ಏರ್ತಾ ಇದ್ದ ಕಾಲ, ಮರದ ಮಧ್ಯ ಒಂದು ಐಸ್ ತುಂಡು ಯಾರಿಗೆ ಬೇಕು? ಆದ್ರೆ ಇಲ್ಲಿನವ್ರು ಮಾಡಿದ್ದು ಬೇರೆ ಥರ. ಕಟ್ಟಡ ಹಳೇದು ಅಂತ ವಾದ ಮಾಡ್ಲಿಲ್ಲ. ನೆಲ ಊರಿನ ಕೈಗೆ ಬರ್ಬೇಕು ಅಂದ್ರು. ಸಿಟಿ ತನ್ನ ಹತ್ರ ಇದ್ದ ಬೇರೆ ಜಾಗ ಕೊಟ್ಟು ಇದನ್ನ ತಗೋಬೇಕು ಅನ್ನೋ ಅದಲುಬದಲಿಗೆ 1985ರಲ್ಲಿ ಜನ ವೋಟ್ ಹಾಕಿ ಒಪ್ಪಿಗೆ ಕೊಟ್ಟರು. ಈಗ ನೆಲ ಸಿಟಿದು, ನಡೆಸೋದು ಕಮ್ಯುನಿಟಿ ಸ್ಕೇಟಿಂಗ್ ಅನ್ನೋ ಲಾಭಕ್ಕಲ್ಲದ ಸಂಸ್ಥೆ. ಈಚೆಗೆ ಲೀಸ್ ವಿಷಯ ಬಂದಾಗ್ಲೂ ಜನ ಮತ್ತೆ ಎದ್ದು ನಿಂತ್ರು. ಅಂದ್ರೆ ಒಂದ್ ಸಲ ಗೆದ್ರೆ ಮುಗೀತು ಅಂತಾನೂ ಇಲ್ಲ, ಲೀಸ್ ಮುಗಿಯೋ ವರ್ಷ ಯಾವ್ದು ಅಂತ ಊರಿಗೆ ನೆನಪಿರ್ಬೇಕು.

ನನ್ನ ಮಟ್ಟಿಗೆ ಈಸ್ಟ್‌ಬೇ ಅವ್ರ ಪ್ರಶ್ನೆಗೆ ಉತ್ತರ ಇಷ್ಟೇ. ಬರ್ಕ್ಲಿಯಲ್ಲಿ ಕಟ್ಟಡಕ್ಕೆ ರಕ್ಷಣೆ ಸಿಕ್ತು, ಪಾಲೋ ಆಲ್ಟೋದಲ್ಲಿ ನೆಲಕ್ಕೆ ಸಿಕ್ತು.

ಧಾರವಾಡದಾವ

ನಮ್ಮ ಸ್ಯಾನ್ ಮಟೇಯೋ ಕಥಿನೂ ಕೇಳ್ರಿ, ಇದು ಸೀದಾ ಅಂಗಡಿ ವಿಷಯಾನ ಐತಿ. ಬ್ರಿಜ್‌ಪಾಯಿಂಟ್ ಅಂತ ಶಾಪಿಂಗ್ ಸೆಂಟರ್, ಅದರಾಗ ಒಂದು ಐಸ್ ರಿಂಕ್ ಇತ್ತು. ಹಳೇದೇನಲ್ಲ, ಚಾಂಪಿಯನ್‌ಶಿಪ್ಪೂ ಇಲ್ಲ, ಲ್ಯಾಂಡ್‌ಮಾರ್ಕೂ ಇಲ್ಲ. 2013ರಾಗ ಬಂದ್ ಮಾಡಿದ್ರು. ಮಾಲಕರಿಗೆ ಅಲ್ಲಿ ಮತ್ತ ಅಂಗಡಿನ ಹಾಕೂದಿತ್ತು. ಬರ್ಕ್ಲಿ ಲೆಕ್ಕದಾಗ ನೋಡಿದ್ರ ಇದು ಮೊದಲ ಹೋಗಬೇಕಿತ್ತು ನೋಡ್ರಿ.

ಆದ್ರ ಆ ಸೆಂಟರಿಗೆ ಸಿಟಿಯವ್ರು ಪರ್ಮಿಷನ್ ಕೊಡೂಮುಂದ ಮಾಸ್ಟರ್ ಪ್ಲಾನ್‌ನಾಗ ಐಸ್ ರಿಂಕ್ ಇರಬೇಕು ಅಂತ ಬರದಿದ್ರು. ಆ ಒಂದು ಸಾಲು ತಗೀಬೇಕಂದ್ರ ಕೌನ್ಸಿಲ್ ಒಪ್ಪಬೇಕು. ಮಾಲಕರು ಅದರ ಬದಲಿ ಸಿಟಿಗೆ ರೊಕ್ಕ ಕೊಡ್ತೀವಿ ಅಂದ್ರು, ಜನ ಮೀಟಿಂಗಿಗೆ ಹೋಗಿ ಹೋಗಿ ನಮಗ ರೊಕ್ಕ ಬ್ಯಾಡ ಐಸ್ ಬೇಕು ಅಂದ್ರು, ಕೌನ್ಸಿಲ್ ಒಪ್ಪಲಿಲ್ಲ. ವರ್ಷಾನುಗಟ್ಟಲೆ ಖಾಲಿ ಬಿದ್ದಿತ್ತು ಖರೆ. ಈಗ ಅಲ್ಲಿ ಮತ್ತ ರಿಂಕ್ ನಡದೈತಿ, ನಮ್ಮ ಹುಡುಗ್ರು ಹೋಗ್ತಾರ. ಒಂದು ಸಾಲಿನ ತಾಕತ್ತು ನೋಡ್ರಿ.

ಸ್ಕೇಟಿಂಗ್ ಅಮ್ಮ

ಇದನ್ನ ಓದಿ ಬಹಳ ಧೈರ್ಯ ಬಂತು. ಖಾಲಿ ಇದ್ದ ಆ ವರ್ಷಗಳಲ್ಲಿ "ಖಾಲಿ ಬಿಡೋದಕ್ಕಿಂತ ಅಂಗಡಿ ಆಗ್ಲಿ" ಅಂತ ಎಷ್ಟು ಜನ ಹೇಳಿರಬೇಕು. ಒತ್ತಡಕ್ಕೆ ಒಪ್ಪಿಬಿಟ್ಟಿದ್ರೆ ಇವತ್ತು ಐಸ್ ಇರ್ತಿರ್ಲಿಲ್ಲ.

ಲಂಡನ್ ನಿವಾಸಿ

ನಮ್ಮ ಕಡೆ ಎರಡು ಕಥೆ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಸ್ಟ್ರೆಥಮ್ ರಿಂಕ್, ದಕ್ಷಿಣ ಲಂಡನ್, 1931ರದ್ದು. ಟೆಸ್ಕೋದವ್ರು ಅಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಕಟ್ಟೋಕೆ ಬಂದ್ರು. ಊರಿನವ್ರು ಕೌನ್ಸಿಲ್ ಬೆನ್ನು ಬಿಡಲಿಲ್ಲ, ಅಂಗಡಿ ಬೇಕಾದ್ರೆ ರಿಂಕೂ ಬೇಕು, ಮಧ್ಯ ಒಂದ್ ದಿನಾನೂ ಐಸ್ ತಪ್ಪಬಾರದು ಅಂತ. ಹಳೇ ಕಟ್ಟಡ 2011ರ ಡಿಸೆಂಬರ್‌ನಲ್ಲಿ ಮುಚ್ಚಿ ಕೆಡವಿದ್ರು, ಅದನ್ನ ನೋಡಿ ಅತ್ತವ್ರೂ ಇದಾರೆ. ಆದ್ರೆ ಆ ಎರಡು ವರ್ಷ ಬ್ರಿಕ್ಸ್‌ಟನ್‌ನಲ್ಲಿ ತಾತ್ಕಾಲಿಕ ರಿಂಕ್ ನಡೀತು, ಕೋಚ್‌ಗಳು, ಕ್ಲಬ್‌ಗಳು ಚದುರಿಹೋಗ್ಲಿಲ್ಲ. 2013ರಲ್ಲಿ ಟೆಸ್ಕೋ ಜೊತೆಗೇ ಹೊಸ ರಿಂಕ್ ತೆರೀತು.

ರಿಚ್ಮಂಡ್ ರಿಂಕ್, 1928ರದ್ದು, ಇನ್ನೂ ಹೆಸರುವಾಸಿ. 1992ರಲ್ಲಿ ಮುಚ್ಚಿ ಫ್ಲ್ಯಾಟ್ ಕಟ್ಟಿದ್ರು. ಬದಲಿ ರಿಂಕ್ ಬರುತ್ತೆ ಅಂತ ಮಾತಿತ್ತು. ಬರಲೇ ಇಲ್ಲ.

ಮುಚ್ಚೋಕೆ ಮುಂಚೆ ಕರಾರಲ್ಲಿ ತಾರೀಖು ಸಮೇತ ಬರ್ಸ್ಕೋಬೇಕು. ಮುಚ್ಚಿದ ಮೇಲೆ ಕೊಡ್ತೀವಿ ಅನ್ನೋ ಮಾತು ನಂಬಿ ಸಹಿ ಹಾಕಬಾರದು.

ಟೊರೊಂಟೊ ಕರಾವಳಿ

ನಮ್ಮಲ್ಲಿ ಅಂಗಡಿಯೂ ರಿಂಕೂ ಒಂದೇ ಕಟ್ಟಡದಲ್ಲಿ ಉಂಟು ಮಾರಾಯ್ರೆ. ಮೇಪಲ್ ಲೀಫ್ ಗಾರ್ಡನ್ಸ್, 1931ರದ್ದು, ಕೆನಡಾದವರಿಗೆ ಅದು ಗುಡಿ ಇದ್ದ ಹಾಗೆ. ಅಲ್ಲಿ ಐಸ್ ಹಾಕಿ ಆಡುತ್ತಿದ್ದ ಲೀಫ್ಸ್ ತಂಡ 1999ರಲ್ಲಿ ಬಿಟ್ಟು ಹೋಯ್ತು, 2004ರಲ್ಲಿ ಕಿರಾಣಿ ಅಂಗಡಿಯ ಲಾಬ್ಲಾ ಕಂಪನಿ ತಗೊಂಡಿತು, ಎಲ್ಲ ಮುಗೀತು ಅಂತಲೇ ಎಲ್ಲರೂ ಎಣಿಸಿದ್ದು. ಕಡೆಗೆ ಅಲ್ಲಿನ ಯೂನಿವರ್ಸಿಟಿ ಜೊತೆ ಸೇರಿತು. 2011ರಲ್ಲಿ ಕೆಳಗೆ ಕಿರಾಣಿ ಅಂಗಡಿ ಶುರು ಆಯ್ತು, 2012ರಲ್ಲಿ ಮೇಲಿನ ಮಾಳಿಗೆಯಲ್ಲಿ ಅದೇ ಹಳೇ ಗುಮ್ಮಟದ ಅಡಿ ಹೊಸ ರಿಂಕ್. ಕೆಳಗೆ ಅಂಗಡಿಯ 25ನೇ ಸಾಲಿನಲ್ಲಿ ನೆಲದ ಮೇಲೆ ಒಂದು ಕೆಂಪು ಚುಕ್ಕೆ ಉಂಟು, ಹಳೇ ಐಸಿನ ನಟ್ಟನಡು ಅದು. ನಾನು ತರಕಾರಿ ತರ್ಲಿಕ್ಕೆ ಹೋದಾಗ ಮಕ್ಕಳನ್ನು ಅಲ್ಲಿ ನಿಲ್ಲಿಸಿ ತೋರಿಸ್ತೇನೆ.

ಹಾಗಾಗಿ ಅಂಗಡಿ ಬಂದ ಕೂಡಲೇ ರಿಂಕ್ ಹೋಯ್ತು ಅಂತ ಇಲ್ಲ. ಹಠ ಹಿಡಿಯುವವರ ಜೊತೆ ದುಡ್ಡು ಹಾಕುವ ಇನ್ನೊಬ್ಬ ಬೇಕು. ಇಲ್ಲಿ ಯೂನಿವರ್ಸಿಟಿಗೆ ರಿಂಕ್ ಬೇಕಿತ್ತು, ಅದರಿಂದ ಆಯ್ತು.

ಈಸ್ಟ್‌ಬೇ ಕನ್ನಡಿಗ

ಯೂನಿವರ್ಸಿಟಿ ಮಾತು ಬಂದಾಗ ಹೊಟ್ಟೆ ಚುರ್ ಅಂತು. ಬರ್ಕ್ಲಿಯಲ್ಲೂ ಯೂನಿವರ್ಸಿಟಿ ಇದೆ, ಅದರ ಕ್ಯಾಲ್ ಹಾಕಿ ಟೀಮ್ ಆಡ್ತಾ ಇದ್ದಿದ್ದೇ ಐಸ್‌ಲ್ಯಾಂಡಲ್ಲಿ. ದೊಡ್ಡ ಕೈ ಯಾವ್ದೂ ಮುಂದೆ ಬರ್ಲಿಲ್ಲ, ಸಾಮಾನ್ಯ ಜನ ಚಂದಾ ಎತ್ತಿ ಬೇ ಏರಿಯಾದ ಜಾಗ ಕೊಂಡುಕೊಳ್ಳೋದು ಅಂದ್ರೆ ಅದು ಆಗೋ ಮಾತಾ.

ಹಳೇ ಬಸವನಗುಡಿ

ಎಲ್ಲಾ ಓದ್ದೆ. ಸ್ಯಾನ್ ಮಟೇಯೋ ವಿಷಯ ನಂಗೆ ಗೊತ್ತಿರ್ಲಿಲ್ಲ, ನಿಜವಾಗ್ಲೂ ಒಳ್ಳೇ ಉದಾಹರಣೆ. ಆದ್ರೆ ಒಂದು ಪ್ರಶ್ನೆ ಇನ್ನೂ ಹಾಗೇ ಇದೆ. ಉಳಿಸೋದು ಒಂದು, ನಡೆಸೋದು ಇನ್ನೊಂದು. ಡೆಹ್ರಾಡೂನ್‌ನಲ್ಲಿ 2011ರಲ್ಲಿ ವಿಂಟರ್ ಗೇಮ್ಸ್‌ಗೆ ಅಂತ ಒಳಾಂಗಣ ರಿಂಕ್ ಕಟ್ಟಿದ್ರು, ಸರ್ಕಾರದ ನೆಲ, ಸರ್ಕಾರದ ಕಟ್ಟಡ, ಆದ್ರೂ ಗೇಮ್ಸ್ ಮುಗಿದ ಮೇಲೆ ವರ್ಷಗಟ್ಟಲೆ ಬೀಗ, ಮತ್ತೆ ಸರಿಯಾಗಿ ತೆರೆದಿದ್ದು 2025ರಲ್ಲಿ. ನಮ್ಮ ದೇಶದ ಸ್ಕೇಟರ್‌ಗಳು ಅಲ್ಲೀವರೆಗೆ ಹೊರದೇಶಕ್ಕೆ ಹೋಗ್ತಿದ್ರು, ಇಲ್ಲಾಂದ್ರೆ ಶಿಮ್ಲಾದಲ್ಲಿ ಆಕಾಶ ನೋಡ್ಕೊಂಡು ಕೂರೋದು, ಅಲ್ಲಿ ಇರೋದು ಚಳಿಗೇ ಹೆಪ್ಪುಗಟ್ಟೋ ಐಸ್ ತಾನೇ. ನೆಲ ಊರಿನದಾದ್ರೆ ಸಾಕು ಅಂತ ಹೇಗೆ ಹೇಳ್ತೀರ?

ಚಿಲ್ಲರ್ ಪ್ಲಾಂಟ್

ಸರಿಯಾದ ಪ್ರಶ್ನೆ. ಸಾಕಾಗಲ್ಲ. ಪ್ಲಾಂಟ್ ಬದಲಾವಣೆಗೆ ವರ್ಷಾ ವರ್ಷ ದುಡ್ಡು ಎತ್ತಿಡಬೇಕು, ಕಂಪ್ರೆಸರ್ ಕೈಕೊಟ್ಟ ದಿನ ಹುಡುಕೋಕೆ ಹೋದ್ರೆ ಆಗಲ್ಲ. ಇನ್ನೊಂದು, ರಿಂಕ್ ಐಸ್ ಮಾಡೋವಾಗ ಅಷ್ಟೇ ಬಿಸಿನೂ ಹೊರಗೆ ಬಿಡುತ್ತೆ. ಆ ಬಿಸಿನ ಹಿಡಿದು ಪಕ್ಕದ ಈಜುಕೊಳಕ್ಕೋ ಸ್ನಾನದ ನೀರಿಗೋ ಬಳಸೋ ವ್ಯವಸ್ಥೆ ಎಷ್ಟೋ ಕಡೆ ಇದೆ, ಖರ್ಚು ಇಳಿಯುತ್ತೆ. ಹೋರಾಟ ಶುರು ಮಾಡೋ ದಿನಾನೇ ಪ್ಲಾಂಟ್ ಗೊತ್ತಿರೋ ಒಬ್ಬ ಎಂಜಿನಿಯರ್‌ನ ಕೂರಿಸ್ಕೊಳ್ಳಿ, ವಕೀಲರಷ್ಟೇ ಮುಖ್ಯ.

ಸ್ಕೇಟಿಂಗ್ ಅಮ್ಮ

ಬಸವನಗುಡಿ ಸರ್, ಲೈಬ್ರರಿ ಲಾಭ ಮಾಡುತ್ತಾ? ಪಾರ್ಕ್ ಲಾಭ ಮಾಡುತ್ತಾ? ಬಾಲಬ್ರೂಯಿ ಗೆಸ್ಟ್ ಹೌಸ್ ಕ್ಲಬ್ ಆಗೋದು ಬೇಡ ಅಂತ ಬೆಂಗಳೂರಿನವ್ರು ಎದ್ದು ನಿಂತಾಗ ಯಾರೂ ಅದರ ಆದಾಯ ಕೇಳ್ಲಿಲ್ಲ. ರಿಂಕ್‌ಗೆ ಮಾತ್ರ ಯಾಕೆ ಆ ಪ್ರಶ್ನೆ ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ. ರಿಂಕ್ ಟಿಕೆಟ್, ಕ್ಲಾಸ್, ಲೀಗ್ ಫೀಸಲ್ಲಿ ದೊಡ್ಡ ಪಾಲು ತಾನೇ ದುಡ್ಕೊಳ್ಳುತ್ತೆ, ಉಳಿದಿದ್ದು ಊರು ಹಾಕ್ಲಿ.

ನಾವೇನ್ ಮಾಡ್ಬೇಕು ಅಂತ ಮಾತಾಡೋಣ ಈಗ. ನಮ್ಮಲ್ಲಿ ಎಷ್ಟು ಮನೆ ಮಕ್ಕಳು ಈಗ ಐಸ್ ಮೇಲಿದಾರೆ! ಸಂಕ್ರಾಂತಿ, ಯುಗಾದಿಗೆ ಹಾಲ್ ಬುಕ್ ಮಾಡೋಕೆ ಓಡೋ ನಾವು ಸಿಟಿ ಮೀಟಿಂಗ್‌ಗೆ ಯಾರೂ ಹೋಗಲ್ಲ.

ಧಾರವಾಡದಾವ

ಖರೆ ಮಾತು ಅಕ್ಕಾರ. ಮೀಟಿಂಗಿನ್ಯಾಗ ನಮ್ಮ ಮುಖ ಕಾಣಬೇಕ್ರಿ. ಆನ್‌ಲೈನ್ ಸಹಿ ಹತ್ತು ಸಾವಿರ ಬಂದ್ರೂ ಕೌನ್ಸಿಲ್‌ನವ್ರು ಒಂದು ಹಾಳಿ ನೋಡಿದಂಗ ನೋಡ್ತಾರ, ಮುಂದ ನಿಂತು ಎರಡು ನಿಮಿಷ ಮಾತಾಡೂ ಹುಡುಗಿನ್ನ ಹಂಗ ನೋಡೂದಿಲ್ಲ.

ಹೊಸಬ ಫ್ರೀಮಾಂಟ್

ನಮಸ್ಕಾರ, ನಾನು ಬಂದು ಸ್ವಲ್ಪ ದಿನ ಆಗಿದೆ. ರಿಂಕ್ ತೆಗೆದು ಬೇರೇನೋ ಮಾಡೋ ಅರ್ಜಿ ಸಿಟಿಗೆ ಬಂದಿದೆ ಅಂತ ಮೊದಲೇ ಗೊತ್ತಾಗೋದು ಹೇಗೆ? ಮತ್ತೆ ಸಿಟಿಜನ್ ಅಲ್ಲದವ್ರು ಮೀಟಿಂಗಲ್ಲಿ ಮಾತಾಡಬಹುದಾ?

ಮಿಡ್ಲ್‌ಫೀಲ್ಡ್ ರೋಡ್

ಮಾತಾಡಬಹುದು, ಧಾರಾಳವಾಗಿ. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆ್ಯಕ್ಟ್ ಅಂತ 1953ರ ಕಾನೂನಿದೆ. ಸಿಟಿ ಕೌನ್ಸಿಲ್, ಸಿಟಿಯ ಪ್ಲಾನಿಂಗ್ ಕಮಿಷನ್ ಎಲ್ಲದರ ಮೀಟಿಂಗೂ ಜನಕ್ಕೆ ತೆರೆದಿರ್ಬೇಕು, ಮಾಮೂಲಿ ಮೀಟಿಂಗ್‌ನ ಅಜೆಂಡಾ 72 ಗಂಟೆ ಮುಂಚೆ ಹಾಕ್ಬೇಕು, ಜನಕ್ಕೆ ಮಾತಾಡೋ ಅವಕಾಶ ಕೊಡ್ಲೇಬೇಕು. ಸಿಟಿಜನ್ನಾ, ವೀಸಾ ಏನು ಅಂತ ಯಾರೂ ಕೇಳಂಗಿಲ್ಲ, ಹೆಸರು ಹೇಳೋದೂ ಕಡ್ಡಾಯ ಅಲ್ಲ. ಸಿಟಿ ವೆಬ್‌ಸೈಟಲ್ಲಿ ಈಮೇಲ್ ಕೊಟ್ರೆ ಅಜೆಂಡಾ ತಾನೇ ಬರುತ್ತೆ, ಪ್ಲಾನಿಂಗ್ ಕಮಿಷನ್‌ದಕ್ಕೂ ಕೊಡಿ, ಯಾಕಂದ್ರೆ ಜಾಗದ ಬಳಕೆ ಬದಲಾಯಿಸೋ ಅರ್ಜಿ ಬಹಳ ಸಲ ಮೊದಲು ಅಲ್ಲಿಗೇ ಬರೋದು, ಕೌನ್ಸಿಲ್‌ಗೆ ಬರೋ ಹೊತ್ತಿಗೆ ಅರ್ಧ ತೀರ್ಮಾನ ಆಗಿರುತ್ತೆ.

ಈಸ್ಟ್‌ಬೇ ಕನ್ನಡಿಗ

ಇದು ನಂಗೂ ಬೇಕಿತ್ತು. ಸರಿ, ಹೀಗ್ ಮಾಡೋಣ. ನಿಮ್ಮ ನಿಮ್ಮ ಊರಿನ ರಿಂಕ್ ನೆಲ ಯಾರದು, ಲೀಸ್ ಯಾವ ವರ್ಷ ಮುಗಿಯುತ್ತೆ, ಪ್ಲಾನಲ್ಲಿ ರಿಂಕ್ ಅಂತ ಬರ್ದಿದೆಯಾ ಇಲ್ವಾ, ಈ ಮೂರು ವಿಷಯ ಹುಡುಕಿ ಇಲ್ಲೇ ಕೆಳಗೆ ಹಾಕಿ. ಓಕ್ಲೆಂಡ್‌ದು ಸ್ಕೇಟಿಂಗ್ ಅಮ್ಮ ಅವ್ರು ನೋಡ್ತೀರಾ? ಇಲ್ಲೇ ಈಸ್ಟ್ ಬೇ ಡಬ್ಲಿನ್ ಕಡೆದು ನಾನು ತಗೋತೀನಿ.

ಸ್ಕೇಟಿಂಗ್ ಅಮ್ಮ

ನೋಡ್ತೀನಿ. ನಾಳೆ ಕ್ಲಾಸ್ ಇದೆ, ಅಲ್ಲೇ ಆಫೀಸಲ್ಲಿ ಕೇಳ್ತೀನಿ, ಬೇರೆ ಪೇರೆಂಟ್ಸ್‌ನೂ ಸೇರಿಸ್ಕೋತೀನಿ.

ಹಳೇ ಬಸವನಗುಡಿ

ಸ್ಯಾನ್ ಹೋಸೆಗೆ ನನ್ನ ಹೆಸರು ಹಾಕ್ಕೊಳ್ಳಿ. ಪ್ಲಾನಿಂಗ್ ದಾಖಲೆ ಓದಿ ಅಭ್ಯಾಸ ಇದೆ.